ಆ ಸೀರೆಯ ಬಣ್ಣ ಯಾವುದು?

ಕಪ್ಪು ಬಿಳುಪಿನ ಸಿನಿಮಾಗಳಿಗೆ ಬಣ್ಣ ಹಚ್ಚುವ ಕೆಲಸವನ್ನು ಮೊದಲು ಮಾಡಿದ್ದು ಕಂಪ್ಯೂಟರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದಕ್ಕೂ ಎಷ್ಟೋ ಮೊದಲು ನಮ್ಮ ಅಮ್ಮಂದಿರು ಆ ಕೆಲಸವನ್ನು ಮಾಡಿ ಮುಗಿಸಿದ್ದರು. ರಾತ್ರಿ ಎರಡನೇ ಆಟ ನೋಡಿ ಬಂದವರು ಬೆಳಿಗ್ಗೆ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ನಿಂತಾಗ ಆಗುತ್ತಿದ್ದ ಚರ್ಚೆ ಕಥೆಯದ್ದಲ್ಲ, ಹಾಡಿನದ್ದೂ ಅಲ್ಲ. ನಾಯಕಿ ಉಟ್ಟಿದ್ದ ಸೀರೆ ಯಾವ ಬಣ್ಣದ್ದು ಎಂಬುದು. ಒಬ್ಬರು ಗಿಳಿ ಹಸಿರು ಎಂದರೆ ಇನ್ನೊಬ್ಬರು ಛೇ ಛೇ, ಅದು ಅರಿಶಿನಕ್ಕೆ ಮೆಜೆಂತಾ ಅಂಚು ಎನ್ನುತ್ತಿದ್ದರು. ಇಬ್ಬರೂ ನೋಡಿದ್ದು ಬೂದಿ ಬಣ್ಣವನ್ನೇ ಎಂಬುದು ಅಲ್ಲಿ ಯಾರಿಗೂ ತೊಡಕಾಗಿ ಕಾಣುತ್ತಿರಲಿಲ್ಲ.

ನಮ್ಮಮ್ಮ 'ಕಸ್ತೂರಿ ನಿವಾಸ' ನೋಡಿದ್ದು ತಿಪಟೂರಿನಲ್ಲಿ, ಚಿತ್ರ ಬಂದ 1971ರ ಸುಮಾರಿಗೆ. ನನಗಾಗ ಒಂದು ವರ್ಷವಂತೆ. ಕಂಕುಳಲ್ಲಿ ನನ್ನನ್ನು ಎತ್ತಿಕೊಂಡು, ನಾನು ಅತ್ತಾಗಲೆಲ್ಲ ಹೊರಗೆ ಬಂದು ಸಮಾಧಾನ ಮಾಡಿ ಮತ್ತೆ ಒಳಗೆ ಹೋಗಿ, ಅರ್ಧ ಸಿನಿಮಾ ಬಾಗಿಲ ಪರದೆಯ ಸಂದಿಯಿಂದಲೇ ನೋಡಿದೆ ಎಂದು ಇವತ್ತಿಗೂ ನನ್ನ ಮೇಲೆ ದೂರು ಹೇಳುತ್ತಾಳೆ. ಹಾಗೆ ನೋಡಿದರೂ ಜಯಂತಿಯ ಒಂದು ಸೀರೆ ಅವಳ ಮನಸ್ಸಿನಲ್ಲಿ ನಿಂತುಬಿಟ್ಟಿತು. ಮಾರನೆಯ ವಾರ ಜವಳಿ ಅಂಗಡಿಗೆ ಹೋಗಿ 'ಜಯಂತಿ ಉಟ್ಟಿದ್ದಳಲ್ಲ, ಅಂಥದ್ದು ಕೊಡಿ' ಎಂದಳಂತೆ. ಅಂಗಡಿಯವರು ಬುದ್ಧಿವಂತರು. ಯಾವುದು ಖರ್ಚಾಗದೆ ಉಳಿದಿತ್ತೋ ಅದನ್ನು ತೆಗೆದು 'ಇದೇ ಅದು ತಾಯಿ' ಎಂದರು. ಅದು ನೇರಳೆ ಬಣ್ಣದ್ದು. ಅಂದಿನಿಂದ ಅಮ್ಮನ ಪಾಲಿಗೆ 'ಕಸ್ತೂರಿ ನಿವಾಸ'ದ ಆ ಸೀರೆ ನೇರಳೆಯೇ.

ನಾನು ಆ ಚಿತ್ರವನ್ನು ನಿಜವಾಗಿ ನೋಡಿದ್ದು ಹೈಸ್ಕೂಲಿಗೆ ಬಂದ ಮೇಲೆ, ದೂರದರ್ಶನದಲ್ಲಿ. ಕೇಳಿದವರಿಗೆ ಇಲ್ಲ ಎನ್ನದ ಮನೆತನ, ಬೆಂಕಿಪೊಟ್ಟಣದ ಕಾರ್ಖಾನೆ, ಎಲ್ಲವನ್ನೂ ಕೊಟ್ಟು ಬರಿಗೈಯಾಗುವ ಯಜಮಾನ, ಕೊನೆಗೆ ಕೇಳಿದ್ದನ್ನು ಕೊಡಲು ಉಳಿಯದ ಆ ಪಾರಿವಾಳ. ಟೀವಿಯೂ ಕಪ್ಪು ಬಿಳುಪು, ಸಿನಿಮಾವೂ ಕಪ್ಪು ಬಿಳುಪು. ನಮ್ಮ ವಠಾರದ ಹದಿನೆಂಟು ಜನ ಚಾಪೆಯ ಮೇಲೆ ಕೂತು ಅತ್ತದ್ದು ನೆನಪಿದೆ. ಅಪ್ಪನೂ ಅತ್ತರು, ಆದರೆ ಕಣ್ಣಿಗೆ ಏನೋ ಬಿತ್ತು ಎಂದರು.

2014ರ ನವೆಂಬರಿನಲ್ಲಿ ಅದೇ ಚಿತ್ರ ಬಣ್ಣ ತುಂಬಿಕೊಂಡು ಬಂತು. ಅದಕ್ಕೆ ಮೊದಲು 2008ರಲ್ಲಿ 'ಸತ್ಯ ಹರಿಶ್ಚಂದ್ರ' ಹೀಗೆಯೇ ಬಂದಿತ್ತು. ರಾಜಕುಮಾರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಬೆಂಗಳೂರಿನ ಚಿತ್ರಮಂದಿರದ ಮುಂದೆ ಹೂವಿನ ಹಾರ, ಡೊಳ್ಳು, ಹಾಲಿನ ಅಭಿಷೇಕ. ತಮ್ಮ ಅಮ್ಮನನ್ನೂ ನನ್ನನ್ನೂ ಅವನ ಮಗಳನ್ನೂ ಕರೆದುಕೊಂಡು ಹೋದ. ಪರದೆಯ ಮೇಲೆ ರಾಜಕುಮಾರ್ ಬಂದಾಗ ನಮ್ಮ ಹಿಂದಿನ ಸಾಲಿನ ಗಂಡಸರು, ಎಲ್ಲ ಅರವತ್ತು ದಾಟಿದವರು, ಶಿಳ್ಳೆ ಹೊಡೆದರು. ಆ ಉತ್ಸಾಹಕ್ಕೆ ನಾನು ಕೊಂಕು ಹೇಳಲಾರೆ. ಹತ್ತು ವರ್ಷದ ನನ್ನ ಸೊಸೆ ಹುಡುಗಿ, ಕಪ್ಪು ಬಿಳುಪು ಎಂದರೆ ಚಾನೆಲ್ ತಿರುಗಿಸುವವಳು, ಮೂರು ಗಂಟೆ ಅಲುಗಾಡದೆ ಕೂತಿದ್ದಳು. ಬಣ್ಣ ಹಚ್ಚಿಸಿದವರು ಹೇಳುವ ವಾದವೂ ಇದೇ ಅಲ್ಲವೇ? ಹಳೆಯದು ಡಬ್ಬಿಯಲ್ಲಿ ಕೊಳೆಯುವುದಕ್ಕಿಂತ ಹೊಸ ಬಟ್ಟೆ ಉಟ್ಟು ಹೊರಗೆ ಬರಲಿ ಎಂಬುದು.

ಅಮ್ಮ ಮಾತ್ರ ಇಂಟರ್ವಲ್ಲಿನಲ್ಲಿ ಸುಮ್ಮನಿದ್ದಳು. ಏನಮ್ಮ, ಚೆನ್ನಾಗಿಲ್ಲವೇ ಎಂದೆ.

'ಚೆನ್ನಾಗಿದೆ ಕಣೇ. ಆದ್ರೆ ಸೀರೆ ಅದಲ್ಲ.'

ನಗು ಬಂತು. ನೇರಳೆ ಎಂದು ಹೇಳಿದ್ದು ಜವಳಿ ಅಂಗಡಿಯವರಲ್ಲವೇ ಅಮ್ಮ ಎಂದೆ. 'ಇವರಿಗೆ ಮಾತ್ರ ಯಾರು ಹೇಳಿದ್ರು?' ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಚಿತ್ರದ ಕೊನೆಯ ಭಾಗ, ಮನೆ ಬರಿದಾಗುತ್ತ ಬರುವ ಭಾಗ ಬಂದಾಗ ಅಮ್ಮ ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದಳು: 'ಇಷ್ಟು ಕಷ್ಟದಲ್ಲೂ ಇಷ್ಟೊಂದು ಬಣ್ಣ ಇರುತ್ತೇನೇ?' ಸಿನಿಮಾ ವಿಮರ್ಶೆ ಬರೆಯುವವರು ಪುಟಗಟ್ಟಲೆ ಬರೆದದ್ದನ್ನು ಓದಿದ್ದೇನೆ. ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿಲ್ಲ.

ಅಮ್ಮ ಹೇಳಿದ್ದು ಕೆಲಸದ ದೃಷ್ಟಿಯಿಂದಲೂ ಸರಿಯೇ. ಕಪ್ಪು ಬಿಳುಪಿನಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದಿಯಾಗಿ ಕಾಣಬಹುದು. ಆ ಬೂದಿಯನ್ನು ನೋಡಿ ಕಂಪ್ಯೂಟರಿನ ಮುಂದೆ ಕೂತವರು ಊಹಿಸಬೇಕು, ಅಷ್ಟೆ. ಅಚ್ಚ ಬಿಳಿ ಬಟ್ಟೆ ದೀಪದ ಬೆಳಕಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತದೆಂದು ಆ ಕಾಲದವರು ತಿಳಿ ಹಳದಿಯದೋ ತಿಳಿ ನೀಲಿಯದೋ ಬಟ್ಟೆ ಉಡಿಸುತ್ತಿದ್ದರು. ಪರದೆಯಲ್ಲಿ ಅದೇ ಬೆಳ್ಳಗೆ ಕಾಣುತ್ತಿತ್ತು. ಛಾಯಾಗ್ರಾಹಕರು ದೀಪ ಇಟ್ಟದ್ದು ಬೆಳಕು ನೆರಳಿನ ಲೆಕ್ಕದಲ್ಲಿ. ಅದರ ಮೇಲೆ ಬಣ್ಣ ಬಳಿದರೆ ಬರೆದಿಟ್ಟ ರಂಗೋಲಿಯ ಮೇಲೆ ಇನ್ನೊಬ್ಬರು ಬಂದು ಪುಡಿ ತುಂಬಿದ ಹಾಗೆ. ತುಂಬಿದ್ದು ಅಂದವಾಗಿಯೇ ಇರಬಹುದು. ಎಳೆ ಎಳೆದವರ ಕೈಚಳಕ ಮಾತ್ರ ಅಡಿಗೆ ಹೋಯಿತು.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಲಾಗದು. 1960ರ 'ಮೊಘಲ್-ಎ-ಆಜಮ್' ಇದೆಯಲ್ಲ, ಅದರ ಕನ್ನಡಿ ಮಹಲಿನ ಹಾಡೂ ಕೊನೆಯ ರೀಲುಗಳೂ ಆಗಲೇ ಬಣ್ಣದಲ್ಲಿದ್ದವು. ಇಡೀ ಚಿತ್ರವನ್ನೇ ಬಣ್ಣದಲ್ಲಿ ಮತ್ತೆ ತೆಗೆಯಬೇಕೆಂದು ನಿರ್ದೇಶಕ ಕೆ. ಆಸಿಫ್ ಹಂಬಲಿಸಿದರು, ವರ್ಷಗಟ್ಟಲೆ ಕಾದು ಸುಸ್ತಾಗಿದ್ದ ಹಂಚಿಕೆದಾರರು ಬಿಡಲಿಲ್ಲ. ಆಸಿಫ್ 1971ರಲ್ಲಿ ತೀರಿಕೊಂಡರು. 2004ರಲ್ಲಿ ಉಳಿದ ಭಾಗಕ್ಕೂ ಬಣ್ಣ ಬಂದಾಗ, ಸತ್ತವರ ಆಸೆ ತೀರಿತು ಎಂದವರ ಮಾತಿನಲ್ಲಿ ಅರ್ಥವಿತ್ತು. 1957ರ 'ಮಾಯಾಬಜಾರ್' ವಿಷಯ ಬೇರೆ. 2010ರಲ್ಲಿ ಬಣ್ಣದಲ್ಲಿ ಬಂದಾಗ ಅದನ್ನು ಮೊಟಕು ಮಾಡಿದ್ದರು. ಈಗಿನವರಿಗೆ ಅಷ್ಟು ಹೊತ್ತು ಕೂರುವ ತಾಳ್ಮೆ ಇಲ್ಲವೆಂದು ಯಾರೋ ನಿಶ್ಚಯಿಸಿರಬೇಕು. ನಮ್ಮ ಪಠ್ಯಪುಸ್ತಕದಿಂದ ಪಾಠ ತೆಗೆಯುವಾಗಲೂ ಇದೇ ಕಾರಣ ಕೊಡುತ್ತಾರೆ.

ಇಷ್ಟರವರೆಗೆ ಮಾಡಿದವರೊಬ್ಬರು, ತಿದ್ದಿದವರೊಬ್ಬರು. ಮಾಡಿದವರೇ ತಿದ್ದಿದರೆ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವನು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ. ಅಲ್ಲಿ 'ಸ್ಟಾರ್ ವಾರ್ಸ್' ಎಂಬ ಚಿತ್ರವಿದೆ, 1977ರದ್ದು, ಜಾರ್ಜ್ ಲ್ಯೂಕಸ್ ನಿರ್ದೇಶಿಸಿದ್ದು. ಆಕಾಶದಲ್ಲಿ ನಡೆಯುವ ಯುದ್ಧ. ರಜೆಗೆ ಬಂದಾಗ ಒತ್ತಾಯ ಮಾಡಿ ನನಗೂ ತೋರಿಸಿದ; ನಮ್ಮ ಬಯಲಾಟದ ರಾಕ್ಷಸರ ಪ್ರವೇಶ ಕಂಡ ಹಾಗಾಗಿ ಖುಷಿಯಾಯಿತು. ಅದರಲ್ಲಿ ಹ್ಯಾನ್ ಸೋಲೊ ಎಂಬ ಹಡಗಿನ ನಾವಿಕ, ಸ್ವಲ್ಪ ಪುಂಡ. ಪಾನಗೃಹದಲ್ಲಿ ಗ್ರೀಡೊ ಎಂಬ ಹಸಿರು ಮುಖದವನು ಅವನನ್ನು ಹಿಡಿದುಕೊಂಡು ಹೋಗಲು ಬಂದು ಕೂರುತ್ತಾನೆ. ಮೊದಲಿನ ಚಿತ್ರದಲ್ಲಿ ಸೋಲೊ ಮಾತಾಡುತ್ತಲೇ ಮೇಜಿನ ಕೆಳಗಿನಿಂದ ಗುಂಡು ಹಾರಿಸುತ್ತಾನೆ. 1997ರಲ್ಲಿ ಲ್ಯೂಕಸ್ ಚಿತ್ರವನ್ನು ತಿದ್ದಿ ಮತ್ತೆ ಬಿಡುಗಡೆ ಮಾಡಿದಾಗ ಗ್ರೀಡೊನೇ ಮೊದಲು ಹಾರಿಸಿ ಗುರಿ ತಪ್ಪಿದ ಹಾಗೆ ಮಾಡಿದರು. ನೋಡಿದವರಲ್ಲಿ ಎಷ್ಟೋ ಜನ ರೊಚ್ಚಿಗೆದ್ದರು. ನನ್ನ ಅಕ್ಕನ ಮಗ ಇವತ್ತಿಗೂ ಆ ವಿಷಯ ಬಂದರೆ ಊಟದ ತಟ್ಟೆ ಮರೆಯುತ್ತಾನೆ.

ಅವರಿವರಿಗೆ ಇದು ಹುಚ್ಚಾಟವಾಗಿ ಕಾಣಬಹುದು, ನನಗಲ್ಲ. ಮೂವತ್ತು ವರ್ಷ ಮಕ್ಕಳ ಜಗಳ ಬಿಡಿಸಿದವಳು ನಾನು. ಯಾವ ಜಗಳವಾದರೂ ಮೇಷ್ಟರ ಮೊದಲ ಪ್ರಶ್ನೆ 'ಮೊದಲು ಹೊಡೆದದ್ದು ಯಾರು?' ಎಂಬುದೇ. ಅದರ ಮೇಲೆ ಹುಡುಗನ ಗುಣ ನಿಂತಿದೆ. ಮೊದಲು ಹೊಡೆದ ಪುಂಡ ಆಮೇಲೆ ಒಳ್ಳೆಯವನಾದರೆ ಅದೊಂದು ಕಥೆ. ಮೊದಲಿನಿಂದಲೂ ಒಳ್ಳೆಯವನೇ ಆಗಿದ್ದರೆ ಕಥೆ ಏನು ಉಳಿಯಿತು?

ಇದರಲ್ಲಿ ಒಂದು ವಿಚಿತ್ರವಿದೆ. 1988ರಲ್ಲಿ, ಹಳೆಯ ಚಿತ್ರಗಳಿಗೆ ಅವುಗಳ ಮಾಲೀಕರು ಬಣ್ಣ ಹಚ್ಚಿ ಮಾರುವುದರ ವಿರುದ್ಧ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಮಾತಾಡಿದವರಲ್ಲಿ ಇದೇ ಲ್ಯೂಕಸ್ ಒಬ್ಬರು. ಲಾಭಕ್ಕಾಗಿ ಕಲಾಕೃತಿಗಳನ್ನು ಬದಲಾಯಿಸುವವರನ್ನು ಅನಾಗರಿಕರೆಂದು ಅವರು ಕರೆದರು. ಒಂಬತ್ತು ವರ್ಷದ ನಂತರ ತಮ್ಮದನ್ನೇ ತಿದ್ದಿದರು. ಅವರ ಪಕ್ಷದಲ್ಲಿ ಹೇಳಬಹುದಾದ ಮಾತು ಇಷ್ಟು: ಇದು ನನ್ನ ಕೂಸು, ಅಂದು ದುಡ್ಡಿರಲಿಲ್ಲ, ಯಂತ್ರವಿರಲಿಲ್ಲ, ಮನಸ್ಸಿನಲ್ಲಿದ್ದದ್ದು ಈಗ ಆಯಿತು. ಕೇಳಲು ನ್ಯಾಯವಾಗಿಯೇ ಇದೆ. ತಿದ್ದಿದ್ದಕ್ಕಿಂತ ಜನಕ್ಕೆ ನೋವಾದದ್ದು ತಿದ್ದದ್ದನ್ನು ಎತ್ತಿಟ್ಟದ್ದಕ್ಕೆ. 2006ರಲ್ಲಿ ಡಿವಿಡಿಯೊಂದರ ಜೊತೆ ಕೊಸರಿನ ಹಾಗೆ ಹಳೆಯದನ್ನು ಕೊಟ್ಟರು. 2025ರ ಜೂನಿನಲ್ಲಿ ಲಂಡನ್ನಿನಲ್ಲಿ, ಅಲ್ಲಿನ ಚಲನಚಿತ್ರ ಸಂಸ್ಥೆ ಶೀತಲ ಕೋಣೆಯಲ್ಲಿ ಕಾಪಾಡಿಕೊಂಡು ಬಂದಿದ್ದ ಮೊದಲ ಬಿಡುಗಡೆಯ ಪ್ರತಿಯೊಂದನ್ನು ಪ್ರದರ್ಶಿಸಿದಾಗ ಅದೊಂದು ಸುದ್ದಿಯಾಯಿತು. ಜಗತ್ತೆಲ್ಲ ನೋಡಿದ್ದ ಚಿತ್ರ, ಅದನ್ನು ಮತ್ತೆ ನೋಡುವುದು ಸುದ್ದಿ!

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಕನ್ನಡದ ಮೇಷ್ಟರು ಬಿಡಲಿಲ್ಲ. 'ಏನ್ರೀ ಮೇಡಂ, ವ್ಯಾಸರ ದ್ರೌಪದಿಗೆ ಐವರು ಗಂಡಂದಿರು. ಪಂಪ ಅವಳನ್ನು ಅರ್ಜುನನಿಗೆ ಮಾತ್ರ ಮದುವೆ ಮಾಡಿದ. ನೀವು ಪಂಪನನ್ನೂ ಬೈತೀರಾ?' ಎಂದರು. ಒಳ್ಳೆಯ ಏಟು. ನಮ್ಮದು ಒಂದೇ ಕಥೆಯನ್ನು ನೂರು ಬಾಯಿ ನೂರು ರೀತಿ ಹೇಳಿದ ನಾಡು, ಸರಿಯೇ. ನನ್ನ ಅಜ್ಜಿ ಸೋಮವಾರ ಹೇಳಿದ ಕಥೆಯ ರಾಜಕುಮಾರಿ ಗುರುವಾರ ಬೇರೆ ಊರಿನವಳಾಗಿರುತ್ತಿದ್ದಳು. ಆದರೆ ಪಂಪ ವ್ಯಾಸಭಾರತದ ಓಲೆಗಳನ್ನು ಹುಡುಕಿ ಒಲೆಗೆ ಹಾಕಲಿಲ್ಲವಲ್ಲ ಸಾರ್ ಎಂದೆ. ವ್ಯಾಸರೂ ಉಳಿದರು, ಪಂಪನೂ ಉಳಿದ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೀವು ಪಾಠ ಮಾಡುತ್ತೀರಿ. ಅದಕ್ಕವರು ಟೀ ತರಿಸಿದರು. ಸೋತಾಗ ಅವರು ಹಾಗೆಯೇ.

ಇಷ್ಟು ಕಾವೇರಿ ಮಾತಾಡಲು ನನಗೆ ನನ್ನದೇ ಕಾರಣವೊಂದಿದೆ. ನಮ್ಮಪ್ಪ 1988ರಲ್ಲಿ ಹೋದರು. ಅವರದ್ದೆಂದು ಮನೆಯಲ್ಲಿದ್ದದ್ದು ಒಂದೇ ಫೋಟೋ, 1969ರ ಮದುವೆಯದ್ದು. ಅಪ್ಪ ಕಪ್ಪು. ಮುಖದ ತುಂಬ ಸಿಡುಬಿನ ಕಲೆ. ಫೋಟೋದಲ್ಲಿ ಬಾಸಿಂಗದ ಕೆಳಗೆ ಆ ಕಲೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು; ಪಕ್ಕದಲ್ಲಿ ಅಮ್ಮ ತಲೆ ಬಗ್ಗಿಸಿ ನಿಂತಿದ್ದಳು. ಚಿಕ್ಕವಳಿದ್ದಾಗ ನಾನು ಅಪ್ಪನ ತೊಡೆಯ ಮೇಲೆ ಕೂತು ಕಲೆಗಳನ್ನು ಬೆರಳಿನಿಂದ ಎಣಿಸುತ್ತಿದ್ದೆ. ನೂರರವರೆಗೆ ಎಣಿಸಲು ಕಲಿತದ್ದು ಹಾಗೆಯೇ.

2016ರಲ್ಲಿ ತಮ್ಮ ಹೊಸ ಮನೆಯ ಹಜಾರಕ್ಕೆ ದೊಡ್ಡದು ಮಾಡಿಸೋಣವೆಂದು ಆ ಫೋಟೋವನ್ನು ಒಂದು ಸ್ಟುಡಿಯೋಗೆ ಕೊಟ್ಟ. ತಿಥಿಯ ಹಿಂದಿನ ದಿನ ಕಟ್ಟು ಹಾಕಿಸಿದ ಚಿತ್ರ ಬಂತು. ಅಪ್ಪ ಒಬ್ಬರೇ ಇದ್ದಾರೆ. ನೀಲಿ ಕೋಟು, ಟೈ. ಬಾಸಿಂಗ ಇಲ್ಲ. ಬೆನ್ನ ಹಿಂದೆ ಆಕಾಶ. ಮುಖ ಹಾಲಿನಲ್ಲಿ ತೊಳೆದ ಹಾಗೆ ಬೆಳ್ಳಗೆ, ಒಂದು ಕಲೆಯಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, 'ಯಾರೋ ದೊಡ್ಡ ಮನುಷ್ಯರ ಹಾಗೆ ಕಾಣ್ತಾರೆ' ಎಂದಳು. ಹಳೆಯದನ್ನು ಕೇಳಲು ಹೋದರೆ, ಇದು ಇಷ್ಟು ಚೆನ್ನಾಗಿ ಬಂದಮೇಲೆ ಅದೇಕೆ, ಎಲ್ಲೋ ಹೋಗಿರಬೇಕು ಎಂದರು. ಸಿಡುಬು ಈ ದೇಶವನ್ನು ಬಿಟ್ಟು ಹೋದದ್ದು 1975ರಲ್ಲಿ. ನಮ್ಮಪ್ಪನ ಮುಖವನ್ನು ಬಿಟ್ಟು ಹೋದದ್ದು 2016ರಲ್ಲಿ. ಮೊಮ್ಮಕ್ಕಳು ಕೈಮುಗಿಯುವುದು ಈಗ ಆ ಕೋಟಿನವರಿಗೆ. ತಾತನಿಗೆ ಸಿಡುಬಿನ ಕಲೆ ಇತ್ತು ಎಂದರೆ 'ಹೌದಾ?' ಎನ್ನುತ್ತಾರೆ, ನಾನು ಕಥೆ ಕಟ್ಟಿದ ಹಾಗೆ.

ಹಾಗಾದರೆ ಮೊದಲು ಕಂಡದ್ದೇ ನಿಜ, ಅದನ್ನು ಹಿಡಿದುಕೊಂಡರೆ ಸಾಕು ಎಂದು ತೀರ್ಮಾನಿಸಿ ಕೂತಿದ್ದೆ. ಅದನ್ನು ಕದಲಿಸಿದ್ದು 'ಶೋಲೆ'.

ನಾನು ಮದುವೆಯಾಗಿ ಬಂದದ್ದು ರಾಮನಗರಕ್ಕೆ. ಈ ಊರಿನಲ್ಲಿ ಐವತ್ತು ದಾಟಿದವರನ್ನು ಯಾರನ್ನೇ ಕೇಳಿ, 'ಶೋಲೆ'ಯ ಶೂಟಿಂಗಿನ ಕಥೆಯೊಂದು ಅವರ ಬಳಿ ಇರುತ್ತದೆ. 1973ರಿಂದ ಇಲ್ಲಿನ ಬಂಡೆಗಳ ನಡುವೆ ಒಂದು ಹಳ್ಳಿಯನ್ನೇ ಕಟ್ಟಿ ಚಿತ್ರ ತೆಗೆದರು. ನಮ್ಮ ಅತ್ತಿಗೆ, ಯಜಮಾನರ ಅಕ್ಕ, ಆಗ ಲಂಗ ತೊಡುವ ಹುಡುಗಿ. ಹೇಮಮಾಲಿನಿಯನ್ನು ಹತ್ತಿರದಿಂದ ನೋಡಿದೆ, ಬಿಸಿಲಿಗೆ ಅವಳ ಮೂಗು ಕೆಂಪಗಾಗಿತ್ತು ಎಂದು ಹೇಳುತ್ತಾರೆ. 1975ರ ಆಗಸ್ಟಿನಲ್ಲಿ ಚಿತ್ರ ಬಂದಾಗ ನಮ್ಮ ಬೆಟ್ಟ, ನಮ್ಮ ಬಂಡೆ ಎಂದು ಊರಿಗೆ ಊರೇ ಹೋಗಿ ನೋಡಿತಂತೆ. ಅದರ ಕೊನೆಯಲ್ಲಿ ಗಬ್ಬರ್ ಸಿಂಗನನ್ನು ಠಾಕೂರ ಇನ್ನೇನು ತುಳಿದು ಕೊಲ್ಲಬೇಕು, ಅಷ್ಟರಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಐವತ್ತು ವರ್ಷ ಈ ದೇಶ ನೋಡಿದ್ದು ಅದನ್ನೇ.

ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ತೆಗೆದದ್ದು ಅದಲ್ಲ. ಎರಡೂ ಕೈ ಕಳೆದುಕೊಂಡ ಠಾಕೂರ ಮೊಳೆ ಹೊಡೆದ ಚಪ್ಪಲಿಯ ಕಾಲಿನಿಂದಲೇ ಗಬ್ಬರನನ್ನು ಮುಗಿಸುತ್ತಾನೆ. ತುರ್ತುಪರಿಸ್ಥಿತಿಯ ದಿನಗಳು; ನಿವೃತ್ತ ಪೊಲೀಸ್ ಅಧಿಕಾರಿಯೇ ಕಾನೂನನ್ನು ಕಾಲಿಗೆ ತೆಗೆದುಕೊಳ್ಳುವುದನ್ನು ಸೆನ್ಸಾರಿನವರು ಒಪ್ಪಲಿಲ್ಲ. ನಟರನ್ನು ಮತ್ತೆ ಕರೆಸಿ ಹೊಸ ಕೊನೆಯನ್ನು ತೆಗೆಯಬೇಕಾಯಿತು. 2025ರ ಜೂನಿನಲ್ಲಿ, ಲಂಡನ್ನಿನಲ್ಲಿ ಆ ಇನ್ನೊಂದು ಹಳೆಯ ಚಿತ್ರ ತೋರಿಸಿದ ತಿಂಗಳಲ್ಲೇ, ಇಟಲಿಯ ಬೊಲೋನ್ಯಾದಲ್ಲಿ ಮೊದಲಿನ ಕೊನೆಯನ್ನಿಟ್ಟುಕೊಂಡ 'ಶೋಲೆ'ಯನ್ನು ಬಯಲಿನಲ್ಲಿ ತೋರಿಸಿದರು. ಶಿವೇಂದ್ರ ಸಿಂಗ್ ಡುಂಗರ್ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಸರಿಪಡಿಸಿತ್ತು. ಡಿಸೆಂಬರಿನಲ್ಲಿ ಇಲ್ಲಿಯ ಚಿತ್ರಮಂದಿರಗಳಿಗೂ ಬಂತು.

ಅತ್ತಿಗೆಯ ಜೊತೆ ಹೋದೆ. ಠಾಕೂರ ನಿಲ್ಲಿಸಲಿಲ್ಲ. ಪೊಲೀಸರು ಬರಲಿಲ್ಲ. ಕೊಂದ ಮೇಲೆ ಆ ಮನುಷ್ಯ ಕುಸಿದು ಅಳುವುದನ್ನು ನೋಡಿ ನನಗೆ ಮೈ ನಡುಗಿತು. ಗೆದ್ದವನ ಅಳು ಅದಾಗಿರಲಿಲ್ಲ. ಇದು ಮೊದಲಿನದ್ದಕ್ಕಿಂತ ಎಷ್ಟು ದೊಡ್ಡ ಚಿತ್ರ ಅಂದುಕೊಂಡೆ. ಹೊರಗೆ ಬಂದ ಮೇಲೆ ಅತ್ತಿಗೆ ಮುಖ ಗಂಟು ಹಾಕಿಕೊಂಡು, 'ಇದು ಶೋಲೆ ಅಲ್ಲ ಬಿಡು. ಪೊಲೀಸರು ಬರಬೇಕು. ನಾನು ನೋಡಿದ್ದೇನೆ' ಎಂದರು. ಇದೇ ಮೊದಲಿನದ್ದು ಅತ್ತಿಗೆ, ನೀವು ನೋಡಿದ್ದೇ ತಿದ್ದಿದ್ದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. 'ಶೂಟಿಂಗ್ ನೋಡಿದವಳು ನಾನೋ ನೀನೋ?'

ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಅತ್ತಿಗೆಯ ಮಾತೂ ಒಂದು ಲೆಕ್ಕಕ್ಕೆ ಸರಿಯೇ ಅನ್ನಿಸಿತು. ಪೊಲೀಸರು ಬಂದು ತಡೆದದ್ದು ಸಿಪ್ಪಿಯವರ ಮನಸ್ಸಿನ ಕೊನೆಯಲ್ಲದಿರಬಹುದು. ಆದರೆ ಅದು 1975ರ ಕೈ ಬರಹ. ಆ ವರ್ಷ ಯಾರು ಯಾರಿಗೆ ಹೆದರಿ ಏನನ್ನು ಬದಲಾಯಿಸಿದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಚರಿತ್ರೆ ಪುಸ್ತಕದಲ್ಲಿಲ್ಲ. ಅದನ್ನೂ ಅಳಿಸಬಾರದು. ನನ್ನನ್ನು ಕೇಳಿದರೆ ನಿರ್ದೇಶಕರು ಹತ್ತು ಸಲ ಬೇಕಾದರೂ ತಿದ್ದಲಿ, ಬಣ್ಣ ಹಚ್ಚುವವರು ಹಚ್ಚಲಿ. ಒಂದೊಂದರ ಮೇಲೂ ಇಸವಿ ಬರೆದು ಎಲ್ಲವನ್ನೂ ಇಡಲಿ. ಹೊಸದನ್ನು ಹಳೆಯದರ ಹೆಸರಿನಲ್ಲಿ ಮಾರಿ ಹಳೆಯದನ್ನು ಬೀಗ ಹಾಕಿ ಇಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇಡುವುದೂ ಸುಲಭದ ಕೆಲಸವಲ್ಲ ಎನ್ನಿ. ಹಳೆಯ ಫಿಲ್ಮು ಸೆಕೆಗೆ ಕೆಟ್ಟರೆ ವಿನೆಗರಿನ ಹುಳಿ ವಾಸನೆ ಬರುತ್ತದಂತೆ, ಭರಣಿಯಲ್ಲಿ ಕೆಟ್ಟ ಉಪ್ಪಿನಕಾಯಿಯ ಹಾಗೆ. ಅದಕ್ಕೂ ಹಿಂದಿನವು ಬೆಂಕಿಯಂತೆ ಉರಿಯುವ ನೈಟ್ರೇಟಿನವು. 2003ರ ಜನವರಿಯಲ್ಲಿ ಪುಣೆಯ ಉಗ್ರಾಣದಲ್ಲಿ ಬೆಂಕಿ ಬಿದ್ದು ಎಷ್ಟೋ ಹಳೆಯ ಚಿತ್ರಗಳು ಬೂದಿಯಾದವು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಅದರ ಒಂದು ಪ್ರತಿಯೂ ಉಳಿದಿಲ್ಲ. ಮೊದಲನೆಯದು, ತಿದ್ದಿದ್ದು ಎಂಬ ಜಗಳ ಆಡುವ ಭಾಗ್ಯವೂ ಅದರ ಬಗ್ಗೆ ನಮಗಿಲ್ಲ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಅದೃಷ್ಟವಂತ ಚಿತ್ರ. ಅದನ್ನು ಕಪ್ಪು ಬಿಳುಪಾಗಿಯೇ, ನಿರ್ದೇಶಕರನ್ನು ಜೊತೆಗಿಟ್ಟುಕೊಂಡು ಸರಿಪಡಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಆ ಕೆಲಸಕ್ಕೆ ದುಡ್ಡು ಕೊಟ್ಟದ್ದು ಯಾರು ಗೊತ್ತೇ? ಜಾರ್ಜ್ ಲ್ಯೂಕಸ್ ದಂಪತಿಗಳ ಪ್ರತಿಷ್ಠಾನ. ಇದನ್ನು ಅಕ್ಕನ ಮಗನಿಗೆ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ನಮ್ಮ ಯಮುನಕ್ಕನನ್ನು ಇದ್ದ ಹಾಗೆಯೇ ಉಳಿಸಿಕೊಟ್ಟವರನ್ನು ಇನ್ನು ಪೂರ್ತಿ ಬೈಯುವುದು ನನ್ನಿಂದಾಗದು.

'ಶೋಲೆ'ಯ ಮೂಲ ನೆಗೆಟಿವ್ ಕೆಟ್ಟುಹೋಗಿತ್ತು. ಅದು ಮತ್ತೆ ಎದ್ದದ್ದು ಇಂಗ್ಲೆಂಡಿನ ಉಗ್ರಾಣವೊಂದರಲ್ಲಿ ಸಿಕ್ಕ ಬೇರೆ ಪ್ರತಿಗಳಿಂದ. ಅದನ್ನು ಓದಿದ ದಿನ ನನಗೆ ಹೊಳೆಯಿತು: 1969ರಲ್ಲಿ ಮದುವೆಯ ಫೋಟೋ ಒಂದೇ ಪ್ರತಿ ತೆಗೆಸುತ್ತಿರಲಿಲ್ಲ, ಗಂಡಿನ ಕಡೆಗೊಂದು ಹೆಣ್ಣಿನ ಕಡೆಗೊಂದು ಇರುತ್ತಿತ್ತು. ಅರಸೀಕೆರೆಯಲ್ಲಿರುವ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತಮೂರು. 'ಇದ್ದರೂ ಇರಬಹುದು ಕಣಮ್ಮ, ನಮ್ಮ ಯಜಮಾನರ ಕಾಗದ ಪತ್ರದ ಟ್ರಂಕಿನಲ್ಲಿ. ಬೀಗದ ಕೈ ಎಲ್ಲಿಟ್ಟಿದ್ದೀನೋ' ಎಂದರು. ತಮ್ಮನಿಗೆ ಹೇಳಿದ್ದೇನೆ. ಯುಗಾದಿ ಕಳೆದ ಮೇಲೆ ಇಬ್ಬರೂ ಹೋಗುತ್ತೇವೆ. ಬೀಗ ಒಡೆಯುವವರನ್ನೂ ವಿಚಾರಿಸಿಟ್ಟಿರುತ್ತೇನೆ ಎಂದಿದ್ದಾನೆ.